ಮೊದಲಕ್ಷರ ಹೇಳಿ ನಮ್ಮ ಕಡೆಯ ಜಾನಪದದ ಹೆಸರು ಗುರುತಿಸುವ ಆಟ: ಚೀಟಿ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕೊಪ್ಪಳ ತಾಲೂಕಿನ ಶಾಲೆ, ಆರು-ಏಳನೇ ತರಗತಿಯ 25 ಮಕ್ಕಳು, ಮೊದಲ ಅಕ್ಷರ ಕೊಟ್ಟು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಗುಡಿ, ಹಬ್ಬ, ಕಲೆ, ಕಥೆಗಳ ಹೆಸರು ಹೇಳಿಸುವ ಆಟ. ಒಮ್ಮೆ ಆಡಿಸಿದಿರಿ, ಐದೇ ನಿಮಿಷಕ್ಕೆ ಎಲ್ಲರೂ ಬಾಯಿಗೆ ಬಂದ ಊರ ಹೆಸರು ಕೂಗತೊಡಗಿದರು. ಎಲ್ಲಿ ತಪ್ಪಿತು ಎಂದು ಕೇಳಿದ್ದೀರಿ.

ಬರೀ ‘ಕ’ ಎಂದು ಕೊಟ್ಟಿದ್ದೀರಿ, ತಪ್ಪಿದ್ದು ಅಲ್ಲೇ. ಕನ್ನಡದಲ್ಲಿ ‘ಕ’ ಎಂದರೆ ಒಂದು ಅಕ್ಷರವೋ, ಇಡೀ ಕಾಗುಣಿತವೋ ಎಂಬುದನ್ನು ಆಟಕ್ಕೆ ಮುಂಚೆ ತೀರ್ಮಾನಿಸಬೇಕು. ಕಾಗುಣಿತ ಪೂರ್ತಿ ನಡೆಯುತ್ತದೆ ಎಂದರೆ ಕನಕಗಿರಿ, ಕಾರಹುಣ್ಣಿಮೆ, ಕಿನ್ನಾಳ, ಕುಕನೂರು, ಕೊಪ್ಪಳ, ಕೋಲಾಟ ಎಲ್ಲವೂ ಸರಿ. ಅಲ್ಲಿಗೆ ಊಹೆ ಮುಗಿಯಿತು, ಉಳಿಯುವುದು ಕೂಗಾಟ. ಅದಕ್ಕೇ ನಾನು ಹೇಳುವುದು, ಬರೆದಾಗ ಕಾಣುವ ಮೊದಲ ಗುಣಿತಾಕ್ಷರವನ್ನೇ ಕೊಡಿ. ‘ಕಿ’ ಎಂದರೆ ಈ ಪಟ್ಟಿಯಲ್ಲಿ ಕಿನ್ನಾಳ ಒಂದೇ. ‘ಕಾ’ ಎಂದರೆ ಕಾರಹುಣ್ಣಿಮೆ.

ಆದರೂ ನಮ್ಮ ಸೀಮೆಯಲ್ಲಿ ‘ಕು’ ಒಂದು ತಲೆನೋವು. ಕುಕನೂರು, ಕುಡತಿನಿ, ಕುರುಗೋಡು, ಕುಮ್ಮಟದುರ್ಗ, ಕುಮಾರರಾಮ, ಕುರುವಪುರ: ಒಂದೇ ಅಕ್ಷರಕ್ಕೆ ಆರು. ಇಂಥ ಕಡೆ ಬೋರ್ಡಿನ ಮೇಲೆ ಅಕ್ಷರದ ಮುಂದೆ ಮನೆಗಳನ್ನು ಹಾಕಿ, ಹೆಸರಿನ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ. ಒತ್ತಕ್ಷರ ಸೇರಿದ್ದೂ ಒಂದೇ ಮನೆ. ಮಸ್ಕಿ ಎರಡು ಮನೆ, ಕಿನ್ನಾಳ ಮೂರು. ಕುಕನೂರು, ಕುಡತಿನಿ, ಕುರುಗೋಡು ನಾಲ್ಕು ಮನೆಯವು. ಉಳಿದ ಮೂರಕ್ಕೆ ಐದೈದು ಮನೆ. ಅಂದರೆ ಮನೆ ಹಾಕಿದರೂ ಮೂರು ಹೆಸರು ಉಳಿದೇ ಉಳಿಯುತ್ತವೆ, ಉತ್ತರ ಒಡೆಯುವುದಿಲ್ಲ, ಸುಳಿವಿಗೆ ಕೆಲಸ ಇರುತ್ತದೆ. ಕೊನೆಯಲ್ಲಿ ಅರ್ಧಾಕ್ಷರ ಬರುವ ಹೆಸರಿಗೆ ಮಾತ್ರ ಎಚ್ಚರ. ಮುದಗಲ್ ಎಂದು ಇಟ್ಟುಕೊಂಡರೆ ‘ಲ್’ಗೆ ಮನೆ ಉಂಟೋ ಇಲ್ಲವೋ ಎಂದು ಜಗಳ ಹತ್ತುತ್ತದೆ. ಮುದಗಲ್ಲು, ಹಿರೇಬೆಣಕಲ್ಲು ಎಂದೇ ಇಟ್ಟುಕೊಳ್ಳಿ.

ಇನ್ನು ಮೊದಲಕ್ಷರವೇ ಎರಡು ಥರ ಇರುವ ಹೆಸರುಗಳಿವೆ. ಯಲಬುರ್ಗಾ ಎಂದು ಫಲಕದಲ್ಲಿ, ಎಲಬುರ್ಗಿ ಎಂದು ಬಾಯಲ್ಲಿ. ಶೀಗಿ ಹುಣ್ಣಿಮೆ, ಸೀಗಿ ಹುಣ್ಣಿಮೆ. ವೀರಣ್ಣ, ಈರಣ್ಣ. ಸಿರುಗುಪ್ಪ, ಶಿರಗುಪ್ಪ. ಮಕ್ಕಳು ಮನೆಯಲ್ಲಿ ಕೇಳಿದಂತೆ ಹೇಳುತ್ತಾರೆ, ಅದನ್ನು ತಪ್ಪು ಅನ್ನಬಾರದು. ಇಂಥ ಹೆಸರಿಗೆ ಬೋರ್ಡಿನ ಮೇಲೆ ಎರಡೂ ಅಕ್ಷರ ಬರೆಯಿರಿ, ‘ಯ/ಎ’ ಎಂದು. ಜೊತೆಗೆ ‘ಶ್ರೀ’ ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅರ್ಧ ದೇವರು ‘ಶ್ರೀ’ಯಲ್ಲೇ ಬಂದು ಕೂರುತ್ತಾರೆ.

ಈಗ ಸುಳಿವಿನ ಮಾತು. ಅಕ್ಷರ ಬಾಗಿಲ ಚಿಲಕದಷ್ಟೇ, ಒಳಗಿನ ಮನೆ ಕಟ್ಟುವುದು ಸುಳಿವು. ಒಂದು ಚೀಟಿಗೆ ಮೂರು ಸುಳಿವು ಬೇಕು: ಮೊದಲನೆಯದು ಕಷ್ಟದ್ದು, ಮೂರನೆಯದು ಎಲ್ಲರಿಗೂ ತಿಳಿಯುವಂಥದ್ದು. ಮೊದಲನೆಯದಕ್ಕೇ ಹೇಳಿದವರಿಗೆ ಮೂರು ಅಂಕ, ಆಮೇಲೆ ಎರಡು, ಒಂದು. ಕನಕಗಿರಿಯ ಚೀಟಿಯಲ್ಲಿ ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು...’ ಎಂಬ ಗಾದೆಯನ್ನು ಮೊದಲೇ ಹೇಳಿದರೆ ಚೀಟಿ ಹಾಳು. ಅದು ಮೂರನೇ ಸುಳಿವು.

ಹಿರೇಬೆಣಕಲ್ಲಿನ ಚೀಟಿ ನೋಡಿ. ಅಕ್ಷರ ‘ಹಿ’, ಆರು ಮನೆ. ಮೊದಲ ಸುಳಿವು: ‘ಇಲ್ಲಿ ಬಂಡೆಯೇ ನಗಾರಿ, ಬಡಿದರೆ ದೂರದವರೆಗೆ ಸದ್ದು.’ ಎರಡನೆಯದು: ‘ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಕೆಲವಕ್ಕೆ ದುಂಡನೆಯ ಕಿಂಡಿ.’ ಮೂರನೆಯದು: ‘ಗಂಗಾವತಿ ಹತ್ತಿರದ ಮೋರೇರ ಗುಡ್ಡ.’ ಚೀಟಿಯ ಹಿಂಬದಿಯಲ್ಲಿ ಎರಡು ಸಾಲು ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿರಲಿ. ಕೆಂಪಿನಲ್ಲಿ ಜನ ಹೇಳುವುದು: ಇವು ಮೋರ್ಯರೆಂಬ ಕುಳ್ಳ ಜನರ ಮನೆಗಳು. ನೀಲಿಯಲ್ಲಿ ಪುರಾತತ್ವದವರು ಹೇಳುವುದು: ಇವು ಎರಡು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾ ಸಮಾಧಿಗಳು, ಸುಮಾರು 400 ಇವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಉತ್ತರ ಬಂದ ಮೇಲೆ ಎರಡನ್ನೂ ಓದಿ. ಈ ಕೆಂಪು-ನೀಲಿ ಭೇದವನ್ನು ದಯವಿಟ್ಟು ಬಿಡಬೇಡಿ. ಕಥೆಯನ್ನು ಇತಿಹಾಸವೆಂದು ಹೇಳಿಕೊಟ್ಟರೆ ಮಗು ಮುಂದೆ ಮುಜುಗರ ಪಡುತ್ತದೆ. ಕಥೆಯನ್ನು ಸುಳ್ಳೆಂದು ಒಗೆದರೆ ಅಜ್ಜಿಯ ಮಾತಿಗೆ ಬೆಲೆ ಉಳಿಯುವುದಿಲ್ಲ. ಕುಡತಿನಿಯ ಬೂದಿಗುಡ್ಡಕ್ಕೂ ಹೀಗೇ ಮಾಡಿ: ರಾಕ್ಷಸನನ್ನು ಸುಟ್ಟ ಬೂದಿ ಎಂಬ ಮಾತು ಕೆಂಪಿನಲ್ಲಿ, ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಸುಟ್ಟು ಆದ ದಿಬ್ಬ ಎಂಬುದು ನೀಲಿಯಲ್ಲಿ.

ಒಂದೇ ಸುಳಿವು, ಐದು ಅಕ್ಷರ. ಈ ಬಗೆಯ ಸುತ್ತು ನನಗೆ ಎಲ್ಲಕ್ಕಿಂತ ಇಷ್ಟ. ಸುಳಿವು: ‘ಅಶೋಕನ ಬಂಡೆ ಶಾಸನ ಇರುವ ಜಾಗ.’ ಅಕ್ಷರಗಳು ಗ, ಪಾ, ಮ, ನಿ, ಉ. ಗವಿಮಠ ಮತ್ತು ಪಾಲ್ಕಿಗುಂಡು ಕೊಪ್ಪಳದಲ್ಲೇ ಇವೆ, ಮಸ್ಕಿ ರಾಯಚೂರಿನದು, ನಿಟ್ಟೂರು ಮತ್ತು ಉಡೇಗೊಳ ಬಳ್ಳಾರಿಯವು. ಐದೂ ಈ ಮೂರೇ ಜಿಲ್ಲೆಯಲ್ಲಿವೆ ಎಂದು ಗೊತ್ತಾದಾಗ ಮಕ್ಕಳಿಗೆ ತಮ್ಮ ನೆಲದ ಬಗ್ಗೆ ಹೆಮ್ಮೆ ಹುಟ್ಟದೆ ಇರದು. ಇಲ್ಲೊಂದು ಮೋಸವೂ ಇದೆ: ‘ಅಶೋಕ ಎಂಬ ಹೆಸರೇ ಇರುವ ಶಾಸನ’ ಎಂದರೆ ಬಹಳ ಜನ ಮಸ್ಕಿ ಒಂದೇ ಎಂದುಕೊಂಡಿದ್ದಾರೆ. 1915ರಲ್ಲಿ ಬೆಳಕಿಗೆ ಬಂದು, ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಂದರೆ ಅಶೋಕನೇ ಎಂದು ತೋರಿಸಿಕೊಟ್ಟಿದ್ದು ಮಸ್ಕಿ, ನಿಜ. ಆದರೆ ನಿಟ್ಟೂರು, ಉಡೇಗೊಳಗಳಲ್ಲೂ ಆ ಹೆಸರಿದೆ. ಅಕ್ಷರ ಕೊಡದೆ ಆ ಪ್ರಶ್ನೆ ಕೇಳಿದರೆ ಮೂರು ಉತ್ತರ ಸರಿಯಾಗುತ್ತವೆ.

ಹರಿದಾಸರ ಚೀಟಿ ಬರೆಯುವಾಗ ಅಂಕಿತವನ್ನು, ಅಂದರೆ ಹಾಡಿನ ಕೊನೆಗೆ ಬರುವ ಅವರ ಮುದ್ರಿಕೆಯನ್ನು, ಸುಳಿವು ಮಾಡಬೇಡಿ. ‘ಜಗನ್ನಾಥವಿಠಲ’ ಎಂದರೆ ಉತ್ತರವನ್ನೇ ಕೊಟ್ಟಂತೆ, ವಿಜಯವಿಠಲ, ಗೋಪಾಲವಿಠಲ ಕೂಡ ಹಾಗೇ. ಊರಿನಿಂದ ಹೋಗಿ: ಚೀಕಲಪರ್ವಿಯ ‘ವಿ’, ಮೊಸರಕಲ್ಲಿನ ‘ಗೋ’, ಬ್ಯಾಗವಟ್ಟಿಯಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ‘ಜ’.

ಬರೀ ಗುಡಿ-ಕೋಟೆ ಆದರೆ ಆಟ ಪ್ರವಾಸದ ಕರಪತ್ರದಂತಾಗುತ್ತದೆ. ನಾಲ್ಕರಲ್ಲಿ ಒಂದು ಚೀಟಿ ಮಾತ್ರ ಕಟ್ಟಡದ್ದಾಗಲಿ. ಉಳಿದದ್ದು ಹಬ್ಬ, ಕೈಕೆಲಸ, ಕಲೆ, ಕಥೆಯ ವ್ಯಕ್ತಿಗಳು. ‘ಜೋ’: ಗಣಪ ಹೋದ ಮೇಲೆ ಬರುವವನು, ಏಳು ದಿನ ಬುಟ್ಟಿಯಲ್ಲಿ ಕೂತು ಮನೆಮನೆ ತಿರುಗುವವನು, ಬಾಯಿಗೆ ಬೆಣ್ಣೆ (ಜೋಕುಮಾರ). ‘ಗು’: ಮಳೆ ಬಾರದಾಗ ಹೊತ್ತು ತಿರುಗುವುದು, ಎಲ್ಲರೂ ನೀರು ಸುರಿಯುವುದು (ಗುರ್ಜಿ). ‘ಚ’: ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚೆಲ್ಲುವುದು (ಚರಗ). ‘ಕಿ’: ಹಗುರ ಮರ, ಹುಣಸೆಬೀಜದ ಅಂಟು, ಮೇಲೆ ಬಣ್ಣ (ಕಿನ್ನಾಳದ ಗೊಂಬೆ). ‘ತೊ’ ಮತ್ತು ‘ಬು’ ಬಳ್ಳಾರಿ ಕಡೆಯವು: ತೊಗಲುಗೊಂಬೆಗೆ ‘ದೀಪದ ಮುಂದೆ ಚರ್ಮ, ಪರದೆಯ ಮೇಲೆ ರಾಮಾಯಣ’, ಬುರ್ರಕಥೆಗೆ ‘ದರೋಜಿ ಈರಮ್ಮ’ ಎಂಬ ಹೆಸರು ಮೂರನೇ ಸುಳಿವಾಗಲಿ. ‘ಸಿ’: ಬಳ್ಳಾರಿ ಕನಕದುರ್ಗಮ್ಮನ ಸಿಡಿಬಂಡಿ. ಮುದಗಲ್ಲಿನ ಮೊಹರಂಗೆ ‘ಮೊ’, ಆದರೆ ಹಳ್ಳಿಯವರು ಅಲಾಯಿ ಎನ್ನುತ್ತಾರೆ, ಆದ್ದರಿಂದ ‘ಮೊ/ಅ’.

ಜೋಗತಿ, ಹಗಲುವೇಷದವರು, ಗೊಂಬೆಯಾಟದವರು ಇವರ ಚೀಟಿಗಳಲ್ಲಿ ಜಾತಿಯ ಹೆಸರನ್ನು ಉತ್ತರವಾಗಿಡಬೇಡಿ, ವೇಷವನ್ನೋ ಮಾತಿನ ಧಾಟಿಯನ್ನೋ ಅಣಕಿಸುವ ಸುಳಿವನ್ನಂತೂ ಬರೆಯಲೇಬೇಡಿ. ಅದೇ ಮನೆತನದ ಮಗು ನಿಮ್ಮ ತರಗತಿಯಲ್ಲಿ ಕೂತಿರಬಹುದು. ಕಲೆಯ ಹೆಸರು ಉತ್ತರವಾಗಲಿ, ಬಳಸುವ ವಾದ್ಯ, ಬಣ್ಣ, ಚರ್ಮ, ಬಿದಿರು ಸುಳಿವಾಗಲಿ.

ಜಿಲ್ಲೆಯ ಸುಳಿವು ಕೊಡುವಾಗ ಹಳೆಯ ಪುಸ್ತಕ ನಂಬಬೇಡಿ. ಹಂಪಿ, ಮೈಲಾರ, ಹೂವಿನಹಡಗಲಿ, ಕೊಟ್ಟೂರು ಹಳೆಯ ಪುಸ್ತಕಗಳಲ್ಲಿ ಬಳ್ಳಾರಿ ಎಂದೇ ಇವೆ, 2021ರಿಂದ ಅವು ವಿಜಯನಗರ ಜಿಲ್ಲೆ. ಆನೆಗೊಂದಿ, ಅಂಜನಾದ್ರಿ, ನವಬೃಂದಾವನಗಳನ್ನು ಹಂಪಿ ಎಂದು ಸೇರಿಸುವವರಿದ್ದಾರೆ, ಅವು ಹೊಳೆಯ ಈಚೆ, ಕೊಪ್ಪಳ ಜಿಲ್ಲೆಯವು.

ಆಡಿಸುವ ಕ್ರಮ ಸರಳ. 25 ಮಕ್ಕಳಿಗೆ ಐದು ತಂಡ, ತಂಡಕ್ಕೆ ಒಂದೇ ಬಾಯಿ, ಆ ಬಾಯಿ ಪ್ರತಿ ಐದು ಚೀಟಿಗೊಮ್ಮೆ ಬದಲಾಗಬೇಕು, ಇಲ್ಲದಿದ್ದರೆ ಗಟ್ಟಿ ಧ್ವನಿಯ ಒಬ್ಬನೇ ಆಡುತ್ತಾನೆ. ಸುಳಿವಿಗೆ 20 ಸೆಕೆಂಡು, ಹಿಂಬದಿ ಓದಲು ಅರ್ಧ ನಿಮಿಷ, ಅಂದರೆ ಚೀಟಿಗೆ ಒಂದೂವರೆ ನಿಮಿಷ. 40 ನಿಮಿಷದ ಅವಧಿಗೆ 24 ಚೀಟಿ ಸಾಕು. ತಪ್ಪು ಹೇಳಿದ ತಂಡಕ್ಕೆ ಅಂಕ ಕಳೆಯಬೇಡಿ, ಆ ಚೀಟಿಗೆ ಅವರು ಮತ್ತೆ ಮಾತಾಡುವಂತಿಲ್ಲ, ಅಷ್ಟೆ. ಈ ಒಂದು ನಿಯಮದಿಂದಲೇ ಕೂಗಾಟ ನಿಲ್ಲುತ್ತದೆ, ಏಕೆಂದರೆ ಆಗ ತಂಡದೊಳಗೆ ಪಿಸುಮಾತಿನ ಚರ್ಚೆ ಶುರುವಾಗುತ್ತದೆ.

ಒಡಪು ಗೊತ್ತಿರುವ ಅಜ್ಜಿಯರು ಊರಲ್ಲಿದ್ದರೆ ಸುಳಿವು ಬರೆಯಲು ಅವರನ್ನೇ ಕೂರಿಸಿಕೊಳ್ಳಿ. ಗಂಡನ ಹೆಸರನ್ನು ನಾಲ್ಕು ಮಾತಿನಲ್ಲಿ ಮುಚ್ಚಿಟ್ಟು, ಕೊನೆಗೆ ಬಿಚ್ಚುವ ಕೈಚಳಕ ಅವರಿಗೆ ಹುಟ್ಟಿನಿಂದ ಬಂದದ್ದು.

ಮೊದಲ ದಿನ ಯಾವ ಚೀಟಿಗೆ ಎಷ್ಟನೇ ಸುಳಿವಿಗೆ ಉತ್ತರ ಬಂತು ಎಂದು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಮೊದಲನೆಯದಕ್ಕೇ ಬಂದಿದ್ದರೆ ಅದನ್ನು ಮೂರನೆಯ ಜಾಗಕ್ಕಿಳಿಸಿ, ಹೊಸದೊಂದು ಕಷ್ಟದ ಸುಳಿವು ಬರೆಯಿರಿ. ಮೂರನೆಯದಕ್ಕೂ ಯಾರೂ ಹೇಳದಿದ್ದರೆ ಆ ಹೆಸರನ್ನು ಮಕ್ಕಳು ಕೇಳಿಯೇ ಇಲ್ಲ ಎಂದರ್ಥ. ಅದನ್ನು ಆಟದಿಂದ ತೆಗೆದು, ಮಾರನೇ ದಿನ ಕಥೆಯಾಗಿ ಹೇಳಿ, ಒಂದು ವಾರ ಬಿಟ್ಟು ಮತ್ತೆ ಚೀಟಿಗಳ ಕಟ್ಟಿಗೆ ಸೇರಿಸಿ.