ಚೆಸ್ಕಿ ಕ್ರುಮ್ಲೋವ್‌ಗೆ ಹೋದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ

ನಿಮ್ಮ ಪ್ರಶ್ನೆ ಇದು: ಪ್ರಾಗ್‌ನಲ್ಲಿ ನಾಲ್ಕು ದಿನ ಇರುತ್ತೀರಿ. ಅದರಲ್ಲಿ ಒಂದು ದಿನ ಚೆಕ್ ದೇಶದ ದಕ್ಷಿಣದಲ್ಲಿರುವ ಚೆಸ್ಕಿ ಕ್ರುಮ್ಲೋವ್ ಎಂಬ ಹಳೆ ಊರಿಗೆ ಹೋಗಿ ಸಂಜೆಗೆ ವಾಪಸ್ ಬಂದರೆ ಸಾಕಾ? ಫೋಟೋದಲ್ಲಿ ಕಾಣುವ ಕೆಂಪು ಹೆಂಚಿನ ಮನೆಗಳು ಬಿಟ್ಟರೆ ಅಲ್ಲಿ ಏನಿದೆ?

ಸಾಲದು. ಕೆಲಸದ ಮೇಲೆ ಎರಡು ವರ್ಷ ನಾನು ಚೆಸ್ಕೆ ಬುದೆಯೋವಿತ್ಸೆಯಲ್ಲಿದ್ದೆ. ಅಲ್ಲಿಂದ ಕ್ರುಮ್ಲೋವ್ ಸುಮಾರು 25 ಕಿಲೋಮೀಟರ್. ಮಳೆ, ಹಿಮ, ಬಿಸಿಲು ಎಲ್ಲದರಲ್ಲೂ ಹೋಗಿದ್ದೇನೆ. ಪ್ರಾಗ್‌ನಿಂದ ಬಸ್ಸಿಗೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ನಡುವೆ ಉಳಿಯುವ ನಾಲ್ಕೈದು ಗಂಟೆ ಜನಜಂಗುಳಿಯಲ್ಲೇ ಕಳೆದುಹೋಗುತ್ತದೆ. ಸಂಜೆ ಪ್ರವಾಸಿ ಬಸ್ಸುಗಳು ಹೋದಮೇಲೆ ಆ ಊರೇ ಬೇರೆ.

ಮೊದಲು ನದಿಯ ವಿಷಯ ಹೇಳುತ್ತೇನೆ. ವ್ಲ್ತಾವಾ ಚೆಕ್ ದೇಶದ ಅತಿ ಉದ್ದದ ನದಿ, 430 ಕಿಲೋಮೀಟರ್. ಪ್ರಾಗ್‌ನಲ್ಲಿ ನೀವು ನೋಡುವ ನದಿಯೂ ಇದೇ. ಆದರೆ ಇಲ್ಲಿ ಅದಿನ್ನೂ ಚಿಕ್ಕದು, ತಣ್ಣಗಿನ ನೀರು, ವೇಗ ಜಾಸ್ತಿ. ಊರಿಗೆ ಬಂದ ಮೇಲೆ ಹಾವಿನ ಹಾಗೆ ಬಳುಕುತ್ತದೆ. ಹಳೆ ಊರನ್ನು ಕುಣಿಕೆ ಹಾಕಿದಂತೆ ಸುತ್ತಿಕೊಂಡು ಮತ್ತೆ ಕೋಟೆಯ ಬಂಡೆಯ ಬುಡಕ್ಕೆ ಬರುತ್ತದೆ. ಡೊಂಕು ಹುಲ್ಲುಗಾವಲು ಎಂಬ ಅರ್ಥದ ಜರ್ಮನ್ ಮಾತೇ ಸವೆದು ಕ್ರುಮ್ಲೋವ್ ಆಯಿತು. ದೇಶದ ಪೂರ್ವ ಭಾಗವಾದ ಮೊರಾವಿಯಾದಲ್ಲಿ ಇನ್ನೊಂದು ಕ್ರುಮ್ಲೋವ್ ಇದೆ, ಅದಕ್ಕೇ ಇದರ ಹೆಸರಿನ ಮೊದಲಿಗೆ ಚೆಸ್ಕಿ, ಅಂದರೆ ಪಶ್ಚಿಮದ ಬೊಹೀಮಿಯಾದ್ದು, ಅಂತ ಸೇರಿಸಿದರು.

ಊರಿನ ಹೆಸರು ಮೊದಲು ದಾಖಲೆಯಲ್ಲಿ ಸಿಗುವುದು 1253ರಲ್ಲಿ. ಕೋಟೆ ಕಟ್ಟಿದವರು ವಿಟ್ಕೊವ್ತ್ಸಿ ಎಂಬ ಮನೆತನದವರು. 1302ರಲ್ಲಿ ಆ ಕವಲು ಮುಗಿದು, ಅವರದೇ ಬಳಗದ ರೊಜ್ಮ್‌ಬೆರ್ಕ್ ಮನೆತನ ಬಂತು. ಮುಂದಿನ 300 ವರ್ಷ ಇದು ಅವರ ರಾಜಧಾನಿ ಇದ್ದಂತೆ. ಐದು ಎಸಳಿನ ಕೆಂಪು ಗುಲಾಬಿ ಅವರ ಲಾಂಛನ. ಬೀದಿಯಲ್ಲಿ ನಡೆಯುವಾಗ ಬಾಗಿಲ ಮೇಲೆ, ಗೋಡೆ ಮೇಲೆ ಆ ಹೂವನ್ನು ಹುಡುಕುತ್ತಾ ಹೋಗಿ, ಮಕ್ಕಳಿದ್ದರೆ ಅವರಿಗೆ ತುಂಬಾ ಖುಷಿಯಾಗುತ್ತದೆ. ಇಟಲಿಯ ಒರ್ಸೀನಿ ಮನೆತನ ತಮ್ಮ ನೆಂಟರು ಎಂದು ಇವರು ಹೇಳಿಕೊಳ್ಳುತ್ತಿದ್ದರು. ಆ ಹೆಸರಿನಲ್ಲಿ ಕರಡಿ ಎಂಬ ಅರ್ಥದ ಮಾತಿದೆ. ಕೋಟೆಯ ಕಂದಕದಲ್ಲಿ ಕರಡಿ ಸಾಕುವ ಪದ್ಧತಿಗೆ ಅದೇ ನೆಪ. ಇಕ್ಕಟ್ಟಾದ ಕಂದಕದಲ್ಲಿ ಅವು ಅತ್ತಿಂದಿತ್ತ ಓಡಾಡುವುದನ್ನು ನೋಡಿ ನನಗೆ ಸಂಕಟವಾಯಿತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಈ ಮನೆತನದವರಲ್ಲಿ ನನ್ನ ಮನಸ್ಸಿನಲ್ಲಿ ಉಳಿದವಳು ಪೆರ್ಖ್ತಾ. ಗೈಡ್‌ಗಳು ಅವಳನ್ನು ಬಿಳಿ ಸೀರೆಯ ಮೋಹಿನಿಯಂಥ ದೆವ್ವವಾಗಿ ತೋರಿಸುತ್ತಾರೆ. 'ಬಿಳಿಯುಡುಗೆಯ ಹೆಂಗಸು' ಕೋಟೆಯಲ್ಲಿ ಓಡಾಡುತ್ತಾಳಂತೆ. ಕೈಗೆ ಬಿಳಿ ಕೈಗವಸು ಇದ್ದರೆ ಒಳ್ಳೆ ಸುದ್ದಿ, ಕರಿ ಕೈಗವಸು ಇದ್ದರೆ ಸಾವು. ಕಥೆ ಇರಲಿ, ಆ ಹೆಣ್ಣು ನಿಜವಾಗಿ ಬದುಕಿದ್ದವಳು. 1449ರಲ್ಲಿ ಅವಳನ್ನು ಮೊರಾವಿಯಾದ ಲಿಕ್ಟೆನ್‌ಸ್ಟೈನ್ ಮನೆಗೆ ಮದುವೆ ಮಾಡಿ ಕೊಟ್ಟರು. ಒಪ್ಪಿಕೊಂಡ ವರದಕ್ಷಿಣೆಯನ್ನು ತವರಿನವರು ಸರಿಯಾಗಿ ಕೊಡಲಿಲ್ಲ. ಗಂಡನ ಮನೆಯಲ್ಲಿ ಅವಳ ಬದುಕು ನರಕವಾಯಿತು. ಅಪ್ಪನಿಗೆ, ಅಣ್ಣತಮ್ಮಂದಿರಿಗೆ ಪತ್ರದ ಮೇಲೆ ಪತ್ರ ಬರೆದಳು. ನನ್ನನ್ನು ಇಲ್ಲಿಂದ ಬಿಡಿಸಿ ಎಂದು ಬೇಡಿಕೊಂಡಳು. ಅವುಗಳಲ್ಲಿ 30ಕ್ಕೂ ಹೆಚ್ಚು ಪತ್ರಗಳು ಇವತ್ತಿಗೂ ಉಳಿದಿವೆ. ಈ ಸಂಕಟ ನಮಗೆ ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? ಕೋಟೆಯಲ್ಲಿ ಅವಳ ದೆವ್ವದ ಕಥೆ ಕೇಳುವಾಗ ಈ ಪತ್ರಗಳನ್ನು ನೆನಪು ಮಾಡಿಕೊಳ್ಳಿ.

ಕೋಟೆಗೆ ಈಗಿನ ಬಣ್ಣ ಬಂದದ್ದು 16ನೇ ಶತಮಾನದಲ್ಲಿ, ವಿಲೇಮ್ ಎಂಬ ರೊಜ್ಮ್‌ಬೆರ್ಕ್ ಒಡೆಯನ ಕಾಲದಲ್ಲಿ. ದುಂಡು ಗೋಪುರದ ಮೇಲಿನ ಚಿತ್ರಗಳು 1590ರವು. ಒಂದು ಗುಟ್ಟು ಹೇಳುತ್ತೇನೆ. ಅಂಗಳದ ಗೋಡೆಗಳಲ್ಲಿ ಕೆತ್ತಿದ ಕಲ್ಲು, ಗೂಡು, ಪ್ರತಿಮೆ ಎಲ್ಲ ಕಾಣುತ್ತವೆ. ಹತ್ತಿರ ಹೋದರೆ ಅದು ಸಪಾಟು ಗೋಡೆ, ಎಲ್ಲವೂ ಬರೀ ಬಣ್ಣ. ಊರೊಳಗಿನ ಮನೆಗಳಲ್ಲಿ ಇನ್ನೊಂದು ವಿಧಾನವಿದೆ. ಗಾರೆಯ ಮೇಲೆ ಬೇರೆ ಬಣ್ಣದ ಗಾರೆ ಬಳಿದು, ಅದು ಹಸಿ ಇರುವಾಗಲೇ ಕೆರೆದು ಚಿತ್ತಾರ ತೆಗೆಯುತ್ತಾರೆ. ಗೋಪುರಕ್ಕೆ 162 ಮೆಟ್ಟಿಲು. ಖಂಡಿತ ಹತ್ತಿ. ನದಿಯ ಕುಣಿಕೆ ಅರ್ಥವಾಗುವುದು ಅಲ್ಲಿಂದಲೇ.

ವಿಲೇಮ್‌ನ ತಮ್ಮ ಪೇತರ್ ವೊಕ್ ಸಾಲದಲ್ಲಿ ಮುಳುಗಿ, 1602ರ ಹೊತ್ತಿಗೆ ಊರನ್ನು ಚಕ್ರವರ್ತಿ ಎರಡನೇ ರುಡಾಲ್ಫ್‌ಗೆ ಮಾರಿಬಿಟ್ಟ. ಚಕ್ರವರ್ತಿ ತನ್ನ ಮದುವೆಯಾಚೆಯ ಮಗ ಡಾನ್ ಜೂಲಿಯಸ್‌ನನ್ನು ಇಲ್ಲಿಗೆ ಕಳಿಸಿದ. ಅವನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ. 1608ರಲ್ಲಿ ಊರಿನ ಕ್ಷೌರಿಕನ ಮಗಳು ಮಾರ್ಕೇತಾಳನ್ನು ಕ್ರೂರವಾಗಿ ಕೊಂದ. ಕೋಟೆಯ ಕೆಳಗೆ ನದಿ ದಾಟುವ ಮರದ ಸೇತುವೆಗೆ ಇವತ್ತಿಗೂ ಲಾಜೆಬ್ನಿತ್ಸ್‌ಕಿ ಮೋಸ್ತ್ ಎನ್ನುತ್ತಾರೆ, ಕ್ಷೌರಿಕನ ಸೇತುವೆ ಅಂತ. ಎಲ್ಲರೂ ಅಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ.

ಆಮೇಲೆ 1622ರಲ್ಲಿ ಎಗೆನ್‌ಬರ್ಗ್ ಮನೆತನ, 1719ರಿಂದ ಶ್ವಾರ್ಜೆನ್‌ಬರ್ಗ್ ಮನೆತನ. ಕೋಟೆಯಲ್ಲಿರುವ ಇವರ ಕಾಲದ ರಂಗಮಂದಿರಕ್ಕಾಗಿಯೇ ನಾನು ನಿಮಗೆ ಒಂದು ರಾತ್ರಿ ಉಳಿಯಿರಿ ಎನ್ನುತ್ತಿರುವುದು. ಎಗೆನ್‌ಬರ್ಗ್‌ಗಳು ಕಟ್ಟಿಸಿದ್ದನ್ನು ಶ್ವಾರ್ಜೆನ್‌ಬರ್ಗ್‌ಗಳು 1766-67ರಲ್ಲಿ ಹೊಸದಾಗಿ ಮಾಡಿಸಿದರು. ಆಗಿನ ರಂಗ, ಪರದೆ, ಉಡುಪು, ಯಂತ್ರ ಎಲ್ಲ ಉಳಿದಿವೆ. ರಂಗದ ಅಡಿಯಲ್ಲಿ ಮರದ ಚಕ್ರಗಳು, ಹಗ್ಗಗಳು. ಕೆಳಗಿನ ರಾಟೆ ತಿರುಗಿಸಿದರೆ ಎರಡೂ ಬದಿಯ ಪರದೆಗಳು ಒಟ್ಟಿಗೆ ಸರಿಯುತ್ತವೆ. ಕಾಡು ಇದ್ದಲ್ಲಿ ಕಣ್ಣೆದುರಿಗೇ ಅರಮನೆ ಬರುತ್ತದೆ. ಗುಡುಗು, ಗಾಳಿ, ಮಳೆಯ ಸದ್ದಿಗೂ ಬೇರೆ ಬೇರೆ ಯಂತ್ರಗಳಿವೆ. ಯುರೋಪಿನಲ್ಲಿ ಇಷ್ಟು ಪೂರ್ತಿಯಾಗಿ ಉಳಿದ ಆ ಕಾಲದ ರಂಗಮಂದಿರಗಳು ತೀರಾ ಕಡಿಮೆ. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಇಂಥದ್ದು. ಬಯಲಾಟ, ಕಂಪನಿ ನಾಟಕ ನೋಡಿ ಬೆಳೆದವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ.

ಇದು ಉಳಿದದ್ದು ಹೇಗೆ ಗೊತ್ತಾ? 19ನೇ ಶತಮಾನದಲ್ಲಿ ಒಡೆಯರು ಹ್ಲುಬೊಕಾ ಎಂಬ ಇನ್ನೊಂದು ಅರಮನೆಗೆ ಹೋದರು. ಕ್ರುಮ್ಲೋವ್ ಮೂಲೆಗೆ ಬಿತ್ತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರೂ ಬರಲಿಲ್ಲ. ರೈಲು ಬಂದರೂ ನಿಲ್ದಾಣ ಊರಾಚೆ ಗುಡ್ಡದ ಮೇಲೆ ಉಳಿಯಿತು.

ಇನ್ನೊಂದು ಕಾರಣವಿದೆ, ಅದು ನೋವಿನದು. ಈ ಊರಿನ ಹೆಚ್ಚಿನ ಜನ ಜರ್ಮನ್ ಮಾತಾಡುವವರಾಗಿದ್ದರು. 1938ರಲ್ಲಿ ಮ್ಯೂನಿಕ್ ಒಪ್ಪಂದದ ನಂತರ ಹಿಟ್ಲರ್ ಇದನ್ನು ಜರ್ಮನಿಗೆ ಸೇರಿಸಿಕೊಂಡ. 1945ರ ಮೇ ತಿಂಗಳಲ್ಲಿ ಅಮೆರಿಕದ ಸೈನ್ಯ ಬಂತು. ಯುದ್ಧ ಮುಗಿದ ಮೇಲೆ ಜರ್ಮನ್ ಭಾಷಿಕರನ್ನು ಹೊರಗೆ ಹಾಕಿದರು. ತಲೆಮಾರುಗಳಿಂದ ಇದ್ದ ಮನೆಗಳು ಬರಿದಾದವು. ಬೇರೆ ಕಡೆಯಿಂದ ಜನ ಬಂದು ಸೇರಿದರು, ಕಮ್ಯುನಿಸ್ಟ್ ಆಡಳಿತದಲ್ಲಿ ರಿಪೇರಿಯಿಲ್ಲದೆ ಎಷ್ಟೋ ಮನೆಗಳ ಗಾರೆ ಉದುರಿತು. 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಊರು ಮತ್ತೆ ಬಣ್ಣ ಹಚ್ಚಿಕೊಂಡಿತು.

ಆ ಹೊರಟುಹೋದ ಊರನ್ನು ನೋಡಬೇಕಾದರೆ ಸೈಡೆಲ್ ಫೋಟೋ ಸ್ಟುಡಿಯೋಗೆ ಹೋಗಿ. ಯೋಸೆಫ್ ಸೈಡೆಲ್ ಮತ್ತು ಅವರ ಮಗ ಫ್ರಾಂತಿಶೆಕ್ ಇಲ್ಲಿ ಫೋಟೋ ತೆಗೆಯುತ್ತಿದ್ದರು. ಮನೆ, ಗಾಜಿನ ಸ್ಟುಡಿಯೋ, ಕ್ಯಾಮೆರಾ, ಗಾಜಿನ ನೆಗೆಟಿವ್ ಎಲ್ಲ ಇವೆ. ಮದುವೆ ಗಂಡು ಹೆಣ್ಣು, ಶಾಲೆಯ ಮಕ್ಕಳು, ಶುಮಾವಾ ಕಾಡಿನ ರೈತರು. ನಾನು ಅಲ್ಲಿ ಎರಡು ಗಂಟೆ ಕೂತಿದ್ದೆ. ಪ್ರವಾಸಿಗರು ಅಲ್ಲಿಗೆ ಹೋಗುವುದು ಕಡಿಮೆ.

ಆಸ್ಟ್ರಿಯಾದ ಚಿತ್ರಕಾರ ಎಗೊನ್ ಶೀಲೆ ಹೆಸರಿನ ಕಲಾ ಕೇಂದ್ರವೂ ಇದೆ. ಆ ಚಿತ್ರಕಾರನ ತಾಯಿಯ ಊರು ಇದು. 1911ರಲ್ಲಿ ಅವನು ಮದುವೆಯಾಗದ ಗೆಳತಿಯ ಜೊತೆ ಇಲ್ಲಿ ಮನೆ ಮಾಡಿದ. ಊರಿನವರು ವಿರೋಧಿಸಿದ್ದರಿಂದ ಕೆಲವೇ ತಿಂಗಳಲ್ಲಿ ಬಿಟ್ಟು ಹೋಗಬೇಕಾಯಿತು.

ಈಗ ಊರಿನ ಜನಸಂಖ್ಯೆ ಸುಮಾರು 13,000. ಆದರೆ ಹಳೆ ಊರಿನೊಳಗೆ ವಾಸ ಮಾಡುವವರು ತೀರಾ ಕಡಿಮೆ. ಹೆಚ್ಚಿನವು ಹೋಟೆಲ್, ಅಂಗಡಿ. 2018ರಲ್ಲಿ ಕತೆರ್ಜಿನಾ ಶೆದಾ ಎಂಬ ಕಲಾವಿದೆ ಸಂಬಳ ಕೊಟ್ಟು ಕೆಲವು ಕುಟುಂಬಗಳನ್ನು ಅಲ್ಲಿ ಇರಿಸಿದಳು. ಅವರ ಕೆಲಸ ಮಾಮೂಲಿ ಬದುಕು ಬದುಕುವುದು. ಅದಕ್ಕೇ ಹೇಳುತ್ತಿದ್ದೇನೆ, ಸುಮ್ನೆ ಓಡಿಬಂದು ಫೋಟೋ ತೆಗೆದು ಹೋಗಬೇಡಿ.

ಬೇಸಿಗೆಯಾದರೆ ಅರ್ಧ ದಿನ ದೋಣಿಗೆ ಇಡಿ. ಬಾಡಿಗೆಗೆ ಕನೂ, ರಾಫ್ಟ್ ಸಿಗುತ್ತವೆ. ನಡುವೆ ಒಡ್ಡುಗಳಿವೆ, ಅವುಗಳ ಬದಿಯಲ್ಲಿ ದೋಣಿ ಜಾರಿಹೋಗಲು ಇಳಿಜಾರು ದಾರಿ ಇರುತ್ತದೆ. ಲೈಫ್ ಜಾಕೆಟ್ ಬಿಚ್ಚಬೇಡಿ. ಎದುರಾದವರೆಲ್ಲ "ಅಹೋಯ್!" ಎಂದು ಕೂಗುತ್ತಾರೆ. ನೀವೂ ಕೂಗಬೇಕು, ಅದು ಅಲ್ಲಿನ ಮರ್ಯಾದೆ. 2002ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಊರೊಳಗೆ ನುಗ್ಗಿತ್ತು.

ಸಸ್ಯಾಹಾರಿಗಳಾದರೆ ಭಯ ಬೇಡ. ಬ್ರಂಬೊರಾಕಿ ಎಂಬ ಆಲೂಗಡ್ಡೆ ದೋಸೆಯಂಥದ್ದು, ಬೆಳ್ಳುಳ್ಳಿ ಘಮ ಇರುತ್ತದೆ. ಹಣ್ಣು ತುಂಬಿದ ಸಿಹಿ ಕಡುಬೂ ಸಿಗುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಕೇಳಿಕೊಳ್ಳಿ.

ಕೋಟೆಯ ಒಳಭಾಗ ಗೈಡ್ ಜೊತೆಗೇ ನೋಡಬೇಕು. ಸೋಮವಾರ ಸಾಮಾನ್ಯವಾಗಿ ರಜೆ, ಚಳಿಗಾಲದಲ್ಲಿ ರಂಗಮಂದಿರ ಮುಚ್ಚಿರುತ್ತದೆ. ಒಂದು ಸಲಕ್ಕೆ ಸ್ವಲ್ಪ ಜನರನ್ನೇ ಬಿಡುವುದರಿಂದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಹಾಗಾಗಿ ಮೊದಲು ರಂಗಮಂದಿರದ ಟಿಕೆಟ್ ತೆಗೆದುಕೊಳ್ಳಿ. ಬಸ್ಸು, ರೂಮು ಎಲ್ಲ ಆಮೇಲೆ ನೋಡಿಕೊಂಡರಾಯಿತು.