ಟೇಸ್ ಮಾಡಿಸಿದ ಮೇಲೂ ಅಪ್ಪನ ಲಿವರ್ ಗೆಡ್ಡೆ ಅಷ್ಟೇ ಇದೆ. ಚಿಕಿತ್ಸೆ ಫಲ ಕೊಡಲಿಲ್ವಾ?

ಲಿವರ್ ಕ್ಯಾನ್ಸರಿಗೆ (ಎಚ್‌ಸಿಸಿ) ಟೇಸ್ (ಗೆಡ್ಡೆಯ ರಕ್ತನಾಳಕ್ಕೇ ಔಷಧಿ ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ) ಆಗಿ ಐದು ವಾರ ಆಯ್ತು, ಗೆಡ್ಡೆ ಆಗಲೂ 5 ಸೆಂ.ಮೀ., ಈಗಲೂ 5 ಸೆಂ.ಮೀ., ಆದರೂ ಡಾಕ್ಟರು ಚೆನ್ನಾಗಿದೆ ಅಂತಾರೆ ಎಂದು ಬರೆದಿದ್ದೀರಿ. ಅವರು ಬರೀ ಸಮಾಧಾನಕ್ಕೆ ಹೇಳಿರಲಿಕ್ಕಿಲ್ಲ. ನಾನು ಸಿ.ಟಿ. ಟೆಕ್ನಿಷಿಯನ್, ಇಂಥ ಸ್ಕ್ಯಾನ್ ದಿನಾ ತೆಗೆಯುತ್ತೇನೆ. ಇಲ್ಲಿ ಅಳತೆಗಿಂತ ಮೊದಲು ನೋಡೋದು, ಗೆಡ್ಡೆಯೊಳಗೆ ಇನ್ನೂ ರಕ್ತ ಹೋಗ್ತಿದೆಯಾ ಅಂತ.

ಲಿವರಿಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ, ಪೋರ್ಟಲ್ ವೇನ್ ಎಂಬ ರಕ್ತನಾಳದಲ್ಲಿ ಬರುತ್ತದೆ. ಉಳಿದದ್ದು ಹೃದಯದ ಕಡೆಯಿಂದ, ಆರ್ಟರಿಯಲ್ಲಿ (ಅಪಧಮನಿಯಲ್ಲಿ). ಈ ಗೆಡ್ಡೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ಆರ್ಟರಿಯನ್ನೇ ನಂಬಿಕೊಂಡಿರುತ್ತದೆ. ಟೇಸ್‌ನಲ್ಲಿ ಆ ಆರ್ಟರಿಯ ಕವಲಿಗೇ ಔಷಧಿ ಬಿಟ್ಟು ದಾರಿ ಮುಚ್ಚುತ್ತಾರೆ. ಗೆಡ್ಡೆ ಸತ್ತರೂ ತಕ್ಷಣ ಕರಗುವುದಿಲ್ಲ, ತಿಂಗಳುಗಟ್ಟಲೆ ಅಲ್ಲೇ ಇರಬಹುದು.

ಅದಕ್ಕೇ ಸ್ಕ್ಯಾನ್ ಹೊತ್ತಿಗೆ ಕಾಂಟ್ರಾಸ್ಟ್ (ರಕ್ತ ಹೋಗುವ ಜಾಗ ಬೆಳ್ಳಗೆ ಕಾಣುವಂತೆ ಮಾಡುವ ಔಷಧಿ) ಕೊಡೋದು. ಇಂಜೆಕ್ಷನ್ ಶುರುವಾಗಿ ಸುಮಾರು 35 ಸೆಕೆಂಡಿಗೆ ಒಂದು ಚಿತ್ರ, 70ಕ್ಕೆ ಇನ್ನೊಂದು, 3ರಿಂದ 5 ನಿಮಿಷಕ್ಕೆ ಮತ್ತೊಂದು. ಜೀವ ಇರುವ ಗೆಡ್ಡೆ ಸಾಮಾನ್ಯವಾಗಿ ಮೊದಲ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ಸುತ್ತಲಿನ ಲಿವರಿಗಿಂತ ಕಪ್ಪಾಗುತ್ತದೆ. ಸತ್ತ ಭಾಗ ಹೊಳೆಯುವುದೇ ಇಲ್ಲ. ಎಂ-ರೆಸಿಸ್ಟ್ ಎನ್ನುವ ಪದ್ಧತಿಯಲ್ಲಿ ಅಳೆಯುವುದು ಹೊಳೆಯುವ ಭಾಗವನ್ನೇ. ನಿಮ್ಮ 5 ಸೆಂ.ಮೀ.ನಲ್ಲಿ ಅಂಚಿನ 1 ಸೆಂ.ಮೀ. ಮಾತ್ರ ಹೊಳೆದರೆ, ಲೆಕ್ಕಕ್ಕೆ ಬರೋದು ಆ 1 ಸೆಂ.ಮೀ. ಮಾತ್ರ. ರಿಪೋರ್ಟಿನಲ್ಲಿ ‘ಆರ್ಟೀರಿಯಲ್ ಎನ್‌ಹಾನ್ಸ್‌ಮೆಂಟ್’ (ಅಂದರೆ ಆ ಮೊದಲ ಚಿತ್ರದಲ್ಲಿ ಹೊಳೆಯುವುದು) ಅನ್ನುವ ಸಾಲು ಹುಡುಕಿ, ಅದರ ಬಗ್ಗೆ ಡಾಕ್ಟರನ್ನು ಕೇಳಿ.

ಟೇಸ್‌ಗೆ ಲಿಪಿಯೊಡಾಲ್ ಎಣ್ಣೆ ಬಳಸಿದ್ದರೆ ಅದೂ ಸಿ.ಟಿ.ಯಲ್ಲಿ ಬೆಳ್ಳಗೇ ಕಾಣುತ್ತದೆ. ಪಕ್ಕದಲ್ಲಿ ಉಳಿದ ಸಣ್ಣ ಚೂರು ಅದರ ಬೆಳಕಿನಲ್ಲಿ ಮರೆಯಾಗಬಹುದು. ಹಾಗಾಗಿ ಎಂ.ಆರ್.ಐ. ಬೇಕು ಅಂದರೆ ಸುಮ್ನೆ ಖರ್ಚು ಅಂದುಕೊಳ್ಳಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಮೊನ್ನೆ ಒಬ್ಬ ಅಜ್ಜ ಕಾಂಟ್ರಾಸ್ಟ್ ಒಳಗೆ ಹೋದಾಗ ಮೈಯೆಲ್ಲ ಬಿಸಿಯಾಗಿ, ಬೆಚ್ಚಿಬಿದ್ದು ‘ಅಯ್ಯೋ’ ಅಂತ ಹಿಡಿದಿದ್ದ ಉಸಿರನ್ನು ಬಿಟ್ಟುಬಿಟ್ಟರು. ಸರಿಯಾಗಿ ಆ ಮೊದಲ ಚಿತ್ರದ ಹೊತ್ತಿಗೆ! ಚಿತ್ರ ಕದಡಿಹೋಯಿತು. ಮತ್ತೆ ತೆಗೆಯಬೇಕೆಂದರೆ ಮತ್ತೆ ಇಂಜೆಕ್ಷನ್ ಕೊಡಬೇಕು, ಕಿಡ್ನಿಗೂ ಯೋಚನೆ. ಹಾಗಾಗಿ ಬಿಸಿ ಅನಿಸುತ್ತದೆ, ಹೆದರಬೇಡಿ ಅಂತ ಅಪ್ಪನಿಗೆ ಮೊದಲೇ ಹೇಳಿ. 15 ಸೆಕೆಂಡು ಉಸಿರು ಹಿಡಿಯೋದನ್ನು ಮನೆಯಲ್ಲೇ ದಿನಾ ಎರಡು ಸಲ ಅಭ್ಯಾಸ ಮಾಡಿಸಿ. ಟೇಸ್‌ಗೆ ಮುಂಚಿನ ಸ್ಕ್ಯಾನಿನ ಸಿ.ಡಿ.ಯನ್ನೂ ತಪ್ಪದೆ ತನ್ನಿ.