ಇಂಗ್ಲಿಷ್ ಅನುವಾದದಲ್ಲಿ ಕಳೆದುಹೋಗುವ ಸ್ವೀಡನ್

ಸ್ಟಾಕ್‌ಹೋಮಿಗೆ ಸಿನಿಮಾ ಅಧ್ಯಯನದ ಮಾಸ್ಟರ್ಸ್‌ಗೆ ಬಂದಿದ್ದೀರಿ, ಸ್ವೀಡಿಷ್ ಪತ್ತೇದಾರಿ ಕಾದಂಬರಿಗಳು ತೆರೆಗೆ ಬಂದ ಬಗ್ಗೆ ಪ್ರಬಂಧ ಬರೆಯಬೇಕೆಂದಿದ್ದೀರಿ. ಪಾಠವೆಲ್ಲ ಇಂಗ್ಲಿಷಿನಲ್ಲೇ ಇರುವಾಗ ಸ್ವೀಡಿಷ್ ಕಲಿಯಲೇಬೇಕಾ ಅಂತ ಕೇಳಿದ್ದೀರಿ. ಪಾಸಾಗಲು ಬೇಡ. ಈ ವಿಷಯದ ಮೇಲೆ ಬರೆಯಲು ಬೇಕೇ ಬೇಕು.

ಸ್ಟೀಗ್ ಲಾರ್ಸನ್ನರ 2005ರ ಕಾದಂಬರಿಯ ಮೂಲ ಹೆಸರಿನ ಅರ್ಥ ‘ಹೆಂಗಸರನ್ನು ದ್ವೇಷಿಸುವ ಗಂಡಸರು’. ಇಂಗ್ಲಿಷಿನಲ್ಲಿ ಅದು ಡ್ರ್ಯಾಗನ್ ಹಚ್ಚೆಯ ಹುಡುಗಿಯಾಯಿತು. ಇಂಗ್ಲಿಷ್ ಶೀರ್ಷಿಕೆಯ ಮೇಲೆ ವಾದ ಕಟ್ಟಿದರೆ ಲೇಖಕ ಹೇಳದ ಮಾತನ್ನು ಅವರ ಬಾಯಿಗೆ ತುರುಕಿದ ಹಾಗೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮಾತಾಡಿಸುವ ರೀತಿ. ಸ್ವೀಡಿಷ್‌ನಲ್ಲಿ ‘ದೂ’ ಅಂದರೆ ನೀನು, ‘ನೀ’ ಅಂದರೆ ನೀವು. ಆದರೆ ಆ ‘ನೀ’ಯಲ್ಲಿ ನಮ್ಮ ‘ನೀವು’ವಿನ ಮರ್ಯಾದೆ ಇರಲಿಲ್ಲ, ಕೆಳಗಿನವರಿಗೆ ಅನ್ನುವ ಮಾತು ಅನ್ನಿಸಿಕೊಂಡಿತ್ತು. ಅದಕ್ಕೇ ಎದುರಿಗೆ ಕೂತವರನ್ನೂ ‘ಇನ್ಸ್‌ಪೆಕ್ಟರ್ ಸಾಹೇಬರು ಕಾಫಿ ತಗೋತಾರಾ?’ ಅನ್ನುವ ಹಾಗೆ ಹುದ್ದೆ ಹಿಡಿದು ಕೇಳುತ್ತಿದ್ದರು. 1960ರ ದಶಕದ ಕೊನೆಗೆ ಇದು ಬಿದ್ದುಹೋಗಿ ಎಲ್ಲರೂ ‘ದೂ’ಗೆ ಬಂದರು. ಪತ್ತೇದಾರಿ ಲೇಖಕರ ಜೋಡಿ ಶೋವಾಲ್ ಮತ್ತು ವಾಲೂ, ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯ ಸರಣಿಯ 10 ಕಾದಂಬರಿ ತಂದದ್ದು 1965ರಿಂದ 1975ರ ನಡುವೆ, ಸರಿಯಾಗಿ ಈ ಪಲ್ಲಟದ ಕಾಲದಲ್ಲಿ. ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಓದಿ. ಇಂಗ್ಲಿಷಿನ ‘ಯೂ’ ಇದೆಲ್ಲವನ್ನೂ ನುಂಗಿಹಾಕುತ್ತೆ. ಏಕವಚನ, ಬಹುವಚನದ ಬಿಸಿ ಗೊತ್ತಿರುವ ಕನ್ನಡದ ಕಿವಿಗೆ ಅದು ಬೇಗ ಸಿಗುತ್ತೆ.

ಡೆನ್ಮಾರ್ಕ್, ಸ್ವೀಡನ್ ಎರಡೂ ಕಡೆಯ ಪೊಲೀಸರು ಸೇರಿ ತನಿಖೆ ಮಾಡುವ 2011ರ ‘ಬ್ರೂನ್’ (ಸೇತುವೆ) ಟೀವಿ ಧಾರಾವಾಹಿಯಲ್ಲೂ ಹೀಗೇ. ಡೇನರು ಡ್ಯಾನಿಷ್, ಸ್ವೀಡರು ಸ್ವೀಡಿಷ್ ಆಡುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎರಡೂ ಒಂದೇ.

ನಿಮ್ಮ ವಾಸದ ಪರವಾನಗಿ (ರೆಸಿಡೆನ್ಸ್ ಪರ್ಮಿಟ್) ಒಂದು ವರ್ಷಕ್ಕಿಂತ ಕಡಿಮೆಯಿಲ್ಲದಿದ್ದರೆ ಮೊದಲು ತೆರಿಗೆ ಇಲಾಖೆ ಸ್ಕಾತೆವೆರ್ಕೆಟ್‌ನಲ್ಲಿ ಹೆಸರು ನೋಂದಾಯಿಸಿ ಪೆಶೋನ್‌ನುಮ್ಮರ್, ಅಂದರೆ ವೈಯಕ್ತಿಕ ಗುರುತಿನ ಸಂಖ್ಯೆ, ಪಡೆಯಿರಿ. ಆಮೇಲೆ ವಲಸೆ ಬಂದವರಿಗೆ ಸ್ವೀಡಿಷ್ ಕಲಿಸುವ ನಗರಸಭೆಯ ಎಸ್‌ಎಫ್‌ಐ ತರಗತಿ ಉಚಿತ. (ಸ್ವೀಡಿಷ್ ಫಿಲ್ಮ್ ಇನ್‌ಸ್ಟಿಟ್ಯೂಟನ್ನೂ ಎಸ್‌ಎಫ್‌ಐ ಅಂತಲೇ ಕರೆಯುತ್ತಾರೆ, ಗೊಂದಲ ಬೇಡ.) ಸಾರ್ವಜನಿಕ ಗ್ರಂಥಾಲಯದ ಕಾರ್ಡಿದ್ದರೆ ಸಿನಿಯಾಸ್ಟರ್ನಾ ಅನ್ನುವ ಆನ್‌ಲೈನ್ ಸೇವೆಯಲ್ಲಿ ಚಿತ್ರಗಳನ್ನು ದುಡ್ಡಿಲ್ಲದೆ ನೋಡಬಹುದು. ಸ್ವೀಡನ್ನಿನ ಸಾರ್ವಜನಿಕ ಟೀವಿಯ ಆನ್‌ಲೈನ್ ಸೇವೆ ಎಸ್‌ವಿಟಿ ಪ್ಲೇ ಹಾಕಿದಾಗ ಸ್ವೀಡಿಷ್ ಸಬ್‌ಟೈಟಲ್ಲೇ ಇಟ್ಟುಕೊಳ್ಳಿ, ಕಿವಿ ಕಣ್ಣು ಒಟ್ಟಿಗೆ ಕಲಿಯುತ್ತವೆ.

ಹಳೆಯ ಟೀವಿ ಪ್ರಸಾರ ಬೇಕಾದರೆ ಸ್ಟಾಕ್‌ಹೋಮಿನ ಹುಮ್ಲೆಗೋರ್ಡನ್ ಉದ್ಯಾನದಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಮುಂಚೆಯೇ ಬೇಡಿಕೆ ಕಳಿಸಿ. ಕೊನೇ ವಾರಕ್ಕೆ ಬಿಟ್ಟರೆ ಕೆಲಸ ಕೆಡುತ್ತೆ. ನೋಡಿದ್ದು ಯಾವ ಪ್ರತಿ ಅಂತಲೂ ಬರೆದಿಡಿ: ಲಾರ್ಸನ್ ಕಥೆಗಳ 2009ರ ಚಿತ್ರಗಳಿಗೆ 2010ರಲ್ಲಿ ಬಂದ ಉದ್ದನೆಯ, 6 ಕಂತಿನ ಟೀವಿ ರೂಪವೂ ಇದೆ, ಅದರಲ್ಲಿರುವ ಕೆಲವು ದೃಶ್ಯಗಳು ಥಿಯೇಟರಿನ ಪ್ರತಿಯಲ್ಲಿ ಸಿಗುವುದಿಲ್ಲ.